ಒಂದೇ ದಿನ ಐದು ಸಲ ಕೇಳಬೇಡಿ, ನಡುವೆ ಬಿಡುವು ಕೊಡಿ

ನೀವು ಬರೆದದ್ದು ಓದಿ ಸುಮ್ಮನಿರಲು ಆಗಲಿಲ್ಲ. ಟಾಕ್ ಟಾಕ್ ಎಂಬ ಇಂಗ್ಲಿಷ್ ತಂಡದ 'ಸ್ಪಿರಿಟ್ ಆಫ್ ಈಡನ್' ಆಲ್ಬಂ ಅನ್ನು ಶನಿವಾರ ಒಂದೇ ದಿನ ಐದು ಸಲ ಹಾಕಿದ್ದೀರಿ, ಅದೂ ಕಂಪ್ಯೂಟರ್ ಮುಂದೆ ಕೆಲಸ ಮಾಡುತ್ತಾ. ಏನೂ ಕಿವಿಗೆ ಹತ್ತಲಿಲ್ಲ. ಪಟ್ಟಿಯಲ್ಲಿ ಇನ್ನೂ 60 ಆಲ್ಬಂ ಬಾಕಿ ಇವೆ, ಇದಕ್ಕೆ ಇನ್ನೆಷ್ಟು ಸಲ ಅವಕಾಶ ಕೊಡಬೇಕು, ಅಥವಾ ಅಳಿಸಿಬಿಡಲಾ ಎಂದು ಕೇಳಿದ್ದೀರಿ. ಅಳಿಸಬೇಡಿ. ಆರನೇ ಸಲವೂ ಹಾಕಬೇಡಿ. ಹತ್ತು ದಿನ ಅದರ ಕಡೆ ತಿರುಗಿ ನೋಡಬೇಡಿ.

ಇದೇ ತಪ್ಪನ್ನು ನಾನು 'ಬಿಚಸ್ ಬ್ರೂ' ಜೊತೆ ಮಾಡಿದ್ದೆ. ಆರು ವರ್ಷ ದಂಡವಾಯಿತು. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1970ರ ಆಲ್ಬಂ, ಎರಡು ಎಲ್‌ಪಿ (ಎರಡೂ ಬದಿ ನುಡಿಯುವ ದೊಡ್ಡ ರೆಕಾರ್ಡ್ ತಟ್ಟೆ), ಒಟ್ಟು 90 ನಿಮಿಷಕ್ಕೂ ಜಾಸ್ತಿ. ಮೊದಲ ಬದಿ ಇಡೀ ಒಂದೇ ತುಣುಕು, 20 ನಿಮಿಷ. ಎರಡನೇ ಬದಿಯೂ ಒಂದೇ ತುಣುಕು, 27 ನಿಮಿಷ. ಎಲ್ಲರೂ ಹೊಗಳುತ್ತಾರೆ, ನನಗೇಕೆ ಅರ್ಥವಾಗುವುದಿಲ್ಲ ಎಂದು ಹಟಕ್ಕೆ ಬಿದ್ದೆ. ಎರಡು ದಿನದಲ್ಲಿ ನಾಲ್ಕು ಸಲ, ಮೊದಲಿಂದ ಕೊನೆವರೆಗೆ, ಪರೀಕ್ಷೆಗೆ ಓದುವ ಹಾಗೆ ಕೇಳಿದೆ. ತಲೆನೋವು ಬಂತು. ಇದು ಬರೀ ಗದ್ದಲ ಎಂದು ತೀರ್ಮಾನ ಮಾಡಿ, ಕೇಳಿದವರಿಗೆಲ್ಲ ಹಾಗೇ ಹೇಳಿಕೊಂಡು ಓಡಾಡಿದೆ.

ಏನಾಗಿತ್ತು ಅಂದರೆ, ಪ್ರತಿ ಸಲವೂ ಮೊದಲ 20 ನಿಮಿಷವನ್ನು ಮಾತ್ರ ಎಚ್ಚರದ ಕಿವಿಯಿಂದ ಕೇಳಿದ್ದೆ. ಒಂದು ಗಂಟೆ ದಾಟುವಷ್ಟರಲ್ಲಿ ಕಿವಿ ಸೋತಿರುತ್ತಿತ್ತು. ಅಂದರೆ ನಾಲ್ಕನೇ ಬದಿಯನ್ನು ನಾಲ್ಕು ಸಲ ಹಾಕಿದ್ದರೂ ಒಂದು ಸಲವೂ ಕೇಳಿರಲಿಲ್ಲ. ಆರು ವರ್ಷ ಆದ ಮೇಲೆ ಒಂದು ಸಂಜೆ ಕವರಿನಿಂದ ತಪ್ಪಿ ಎರಡನೇ ತಟ್ಟೆ ಕೈಗೆ ಬಂತು, ನಾಲ್ಕನೇ ಬದಿ ಮೇಲಿತ್ತು, ಹಾಗೇ ಹಾಕಿದೆ. 'ಮೈಲ್ಸ್ ರನ್ಸ್ ದ ವೂಡೂ ಡೌನ್'. ನಿಧಾನವಾದ, ಗಟ್ಟಿಯಾದ ನಡೆ. ಡಾನ್ ಅಲಾಯಸ್‌ನ ಡ್ರಮ್ ಬಿಡದೆ ಸುತ್ತುತ್ತದೆ, ಅದರ ಮೇಲೆ ಟ್ರಂಪೆಟ್ ಬಂದು ಕೂರುತ್ತದೆ. ಹದಿನಾಲ್ಕು ನಿಮಿಷ ಹೋದದ್ದೇ ಗೊತ್ತಾಗಲಿಲ್ಲ. ಆಮೇಲೆ ಮೂರನೇ ಬದಿಗೆ ಹೋದೆ. ಅಲ್ಲಿ 'ಜಾನ್ ಮೆಕ್‌ಲಾಫ್ಲಿನ್' ಎಂಬ ನಾಲ್ಕೂವರೆ ನಿಮಿಷದ ತುಣುಕು ಇದೆ, ಅದರಲ್ಲಿ ಮೈಲ್ಸ್ ಊದುವುದೇ ಇಲ್ಲ, ಸುತ್ತಲಿನವರು ಏನು ಮಾಡುತ್ತಿದ್ದಾರೆ ಎಂದು ಅಲ್ಲಿ ಬಿಡಿಸಿ ಕೇಳುತ್ತದೆ. ಕೊನೆಗೆ ಮೊದಲ ಬದಿ ಹಾಕಿದಾಗ ಅದು ಗದ್ದಲವಾಗಿ ಉಳಿದಿರಲಿಲ್ಲ.

ಅಲ್ಲಿಂದ ನನ್ನದೊಂದು ಕ್ರಮ ಆಯಿತು. ಹೊಸ ಆಲ್ಬಂ ಒಂದನ್ನು ಮೂರು ಸಲ ಕೇಳುತ್ತೇನೆ, ಎರಡು ವಾರದಲ್ಲಿ ಹರಡಿ. ಮೊದಲ ದಿನ ಒಂದು ಸಲ, ಮೊದಲಿಂದ. ಎರಡು ಮೂರು ದಿನ ಬಿಟ್ಟು ಇನ್ನೊಂದು ಸಲ, ಈ ಸಲ ಎರಡನೇ ಬದಿಯಿಂದ ಶುರು. ಆಮೇಲೆ ಹತ್ತು ದಿನ ಬಿಟ್ಟು ಮೂರನೇ ಸಲ. ಈ ಹತ್ತು ದಿನವೇ ಮುಖ್ಯ. ಎಣಿಕೆಗಿಂತ ಬಿಡುವು ಮುಖ್ಯ ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಎರಡನೇ ಬದಿಯಿಂದ ಏಕೆ? ಎಲ್‌ಪಿ ಕಾಲದಲ್ಲಿ ಹಾಡುಗಳನ್ನು ಜೋಡಿಸುತ್ತಿದ್ದ ರೀತಿಗೆ ಒಂದು ಕಾರಣ ಇತ್ತು. 12 ಇಂಚಿನ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ಒಳಗೆ ಲೇಬಲ್ ಹತ್ತಿರ ಅದು ಸುಮಾರು 20ಕ್ಕೆ ಇಳಿಯುತ್ತದೆ. ಒಳಗಿನ ಗೆರೆಯಲ್ಲಿ ಜೋರಾದ, ಚೂಪಾದ ಸದ್ದು ಒಡೆದು ಕೇಳುತ್ತದೆ. ಹಾಗಾಗಿ ಅಬ್ಬರದ ಹಾಡನ್ನು ಬದಿಯ ಶುರುವಿಗೆ, ಮೆಲ್ಲನೆಯದನ್ನು ಕೊನೆಗೆ ಇಡುವುದು ರೂಢಿ. ಅಂದರೆ ಎಲ್‌ಪಿಗೆ ಎರಡು ಬಾಗಿಲು. ನಾವು ಫೋನಿನಲ್ಲಿ ಕೇಳುವಾಗ ಮೊದಲ ಬಾಗಿಲನ್ನೇ ತಟ್ಟುತ್ತಾ ಇರುತ್ತೇವೆ. ಅರ್ಧದಲ್ಲಿ ಬಿಟ್ಟ ಸಲಗಳನ್ನೂ ಸೇರಿಸಿದರೆ ಮೊದಲ ಎರಡು ಹಾಡು ಹತ್ತು ಸಲ ಕೇಳಿರುತ್ತೇವೆ, ಏಳನೆಯದು ಒಂದು ಸಲ. ಆಮೇಲೆ ಇಡೀ ಆಲ್ಬಂ ಬೇಸರ ಎನ್ನುತ್ತೇವೆ.

ಆದರೆ ಈ ಕ್ರಮ ಎಲ್ಲದಕ್ಕೂ ಹೊಂದುವುದಿಲ್ಲ. ಅಮೆರಿಕದ ಸಂಯೋಜಕ ಸ್ಟೀವ್ ರೈಶ್‌ನ 'ಮ್ಯೂಸಿಕ್ ಫಾರ್ 18 ಮ್ಯುಸಿಷಿಯನ್ಸ್' ಅನ್ನು ಮಧ್ಯದಿಂದ ಕೇಳಲೇಬಾರದು. ಅದರಲ್ಲಿ 11 ಕಾರ್ಡ್‌ಗಳು (chord, ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಶುರುವಿನಲ್ಲೇ ಒಂದಾದ ಮೇಲೊಂದು ಹಾದುಹೋಗುತ್ತವೆ, ಆಮೇಲೆ ಒಂದೊಂದು ಕಾರ್ಡೂ ಹಿಗ್ಗಿ ಒಂದೊಂದು ಭಾಗವಾಗುತ್ತದೆ. ಶುರು ತಪ್ಪಿದರೆ ಬೀಗದ ಕೈ ಹೊರಗೇ ಬಿಟ್ಟ ಹಾಗೆ. ಒಂದೇ ಕಥೆ ಹೇಳುವ ಆಲ್ಬಂಗಳಿಗೂ ಬೇಡ. ಸಿಡಿ ಕಾಲದ ಉದ್ದದ ಆಲ್ಬಂಗಳಿಗೆ ಎರಡನೇ ಬದಿ ಅಂತ ಇಲ್ಲ. 1982ರಲ್ಲಿ ಸಿಡಿ ಬಂದ ಮೇಲೆ 74 ನಿಮಿಷದವರೆಗೆ ಜಾಗ ಸಿಕ್ಕಿತು, ಅದನ್ನು ತುಂಬಿಸಲೇಬೇಕು ಎಂದು ಎಷ್ಟೋ ಜನ ತುಂಬಿಸಿದರು. ಅಂಥವನ್ನು ನಾನು ಎರಡು ಭಾಗ ಮಾಡಿ ಎರಡು ದಿನ ಕೇಳುತ್ತೇನೆ. 70 ನಿಮಿಷ ಒಂದೇ ಸಲಕ್ಕೆ ಕೂತು ಕೇಳಿ ಬೇಜಾರಾಯಿತು ಅಂದರೆ ತಪ್ಪು ಯಾವಾಗಲೂ ಸಂಗೀತದ್ದಲ್ಲ.

ಕೇಳುತ್ತಾ ಕೇಳುತ್ತಾ ತಾನೇ ಇಷ್ಟವಾಗುತ್ತದೆ ಎಂದು ನಿಮಗೆ ಮೇಲೆ ಒಬ್ಬರು ಹೇಳಿದ್ದಾರೆ. ಅರ್ಧ ನಿಜ. ಮನೋವಿಜ್ಞಾನಿ ರಾಬರ್ಟ್ ಝೈಯನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನ ಮತ್ತೆ ಮತ್ತೆ ಎದುರಾದದ್ದನ್ನು ಹೆಚ್ಚು ಮೆಚ್ಚಿದರು. ಆದರೆ ಅವನು ತೋರಿಸಿದ್ದು ಅರ್ಥವಿಲ್ಲದ ಪದ, ಗೊತ್ತಿಲ್ಲದ ಲಿಪಿಯ ಅಕ್ಷರ, ಅಪರಿಚಿತ ಮುಖಗಳ ಫೋಟೋ. ಅವುಗಳ ಮೇಲೆ ಯಾರಿಗೂ ಮೊದಲೇ ಸಿಟ್ಟು ಇರಲಿಲ್ಲ. ನೀವು ಐದನೇ ಸಲ ಹಾಕುವಾಗ ಹಲ್ಲು ಕಚ್ಚಿಕೊಂಡಿದ್ದೆ ಎಂದು ನೀವೇ ಬರೆದಿದ್ದೀರಿ. ಹಾಗೆ ಕೇಳಿದರೆ ಬೆಳೆಯುವುದು ಸಿಟ್ಟು.

ಇನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂದು ಹೇಗೆ ಗೊತ್ತಾಗುತ್ತದೆ? ಮರುದಿನ ಬೆಳಗ್ಗೆ. ಸಂಗೀತ ಏನೂ ಹಾಕದೆ ಬೇರೆ ಕೆಲಸ ಮಾಡುತ್ತಿರುವಾಗ ಆ ಆಲ್ಬಂನ ಏನಾದರೂ ತಾನಾಗಿ ತಲೆಗೆ ಬಂತಾ? ಇಡೀ ಹಾಡು ಬೇಕಿಲ್ಲ. ಒಂದು ಡ್ರಮ್ ಏಟು, ಒಂದು ಸಾಲು ಹಾಡಿದ ರೀತಿ, ಒಂದು ಕಡೆ ಎಲ್ಲ ವಾದ್ಯ ನಿಂತುಹೋದ ಕ್ಷಣ, ಏನೇ ಆಗಲಿ. ಬಂದರೆ ಆಲ್ಬಂ ನಿಮ್ಮೊಳಗೆ ಕೆಲಸ ಶುರು ಮಾಡಿದೆ, ಅದಕ್ಕೆ ತಾಳ್ಮೆ ಕೊಡಿ. 'ಚೆನ್ನಾಗಿಲ್ಲ' ಅನ್ನಿಸುತ್ತಲೇ ಒಂದು ಚೂರು ತಲೆಯಲ್ಲಿ ಸುತ್ತುತ್ತಿದ್ದರೆ ಅದು ಇನ್ನೂ ಒಳ್ಳೆಯ ಗುರುತು. ಮೂರು ಸಲ ಬಿಡುವು ಕೊಟ್ಟು ಕೇಳಿದ ಮೇಲೂ ಏನೂ ಬರದಿದ್ದರೆ ಪಕ್ಕಕ್ಕಿಡಿ. ನಾನು ಪುಸ್ತಕದಲ್ಲಿ ತಾರೀಖು ಬರೆದು ಆರು ತಿಂಗಳು ಬಿಟ್ಟು ಒಂದೇ ಒಂದು ಸಲ ಮತ್ತೆ ಕೇಳುತ್ತೇನೆ. ಅದಾದ ಮೇಲೆ ಇಲ್ಲ. ಅಂಕ ಕೊಡುವ ಚಾಳಿಯನ್ನೂ ಬಿಡಿ ದಯವಿಟ್ಟು. ಮೊದಲ ಸಲಕ್ಕೇ ಹತ್ತಕ್ಕೆ ನಾಲ್ಕು ಎಂದು ಬರೆದಿಟ್ಟರೆ, ಎರಡನೇ ಸಲ ಕೇಳುವಾಗ ನಮ್ಮ ಮನಸ್ಸು ಆ ನಾಲ್ಕನ್ನೇ ಸಮರ್ಥಿಸಿಕೊಳ್ಳುತ್ತಿರುತ್ತದೆ.

ಒಂದು ವ್ಯತ್ಯಾಸ ಮಾತ್ರ ಚೆನ್ನಾಗಿ ತಿಳಿದುಕೊಳ್ಳಿ. ದಾರಿ ತಪ್ಪಿದ ಹಾಗೆ ಅನ್ನಿಸುವುದು ಬೇರೆ, ಬೇಜಾರು ಬೇರೆ, ಕಿರಿಕಿರಿ ಬೇರೆ. ಎಲ್ಲಿದ್ದೇನೆ, ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೆ ತಾಳ್ಮೆ ಕೊಡಲೇಬೇಕು, ಅದು ಕಿವಿ ಕಲಿಯುತ್ತಿರುವ ಗುರುತು. ಹಿಂದೂಸ್ತಾನಿಯ ವಿಲಂಬಿತ (ತುಂಬಾ ನಿಧಾನದ) ಏಕತಾಳವನ್ನು ಮೊದಲ ಸಲ ಕೇಳಿದವರಿಗೂ ಹೀಗೇ ಆಗುತ್ತದೆ ಅಲ್ವಾ? 12 ಮಾತ್ರೆಯ ಒಂದು ಆವರ್ತನ ಒಂದು ನಿಮಿಷದ ಹತ್ತಿರ ಎಳೆಯುವಾಗ ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ತಬಲಾ ಹಿಡಿದುಕೊಂಡು ಹೋದರೆ ಒಂದು ದಿನ ಗೊತ್ತಾಗುತ್ತದೆ. ಬೇಜಾರಾದರೆ ಮೇಲೆ ಹೇಳಿದ ಮೂರು ಸಲ ಸಾಕು. ಆದರೆ ಹಾಡುವವರ ಧ್ವನಿಯೇ ಮೈಗೆ ಆಗದಿದ್ದರೆ ಒಂದೇ ಸಲಕ್ಕೆ ಬಿಡಿ. ಧ್ವನಿಯ ವಿಷಯದಲ್ಲಿ ನನಗೆ ತಾಳ್ಮೆ ಫಲ ಕೊಟ್ಟದ್ದು ತುಂಬಾ ಕಡಿಮೆ.

ದಾರಿ ತಪ್ಪಿದಾಗ ಒಂದೇ ವಾದ್ಯ ಹಿಡಿಯಿರಿ. 'ಬಿಚಸ್ ಬ್ರೂ'ನಲ್ಲಿ ನನ್ನನ್ನು ದಡ ಸೇರಿಸಿದ್ದು ಬೆನ್ನಿ ಮಾಪಿನ್‌ನ ಬಾಸ್ ಕ್ಲಾರಿನೆಟ್, ತಗ್ಗು ದನಿಯ ಊದುವ ವಾದ್ಯ. ಮುಂದೆ ಬರುವುದಿಲ್ಲ, ಕೆಳಗಡೆ ಗೊಣಗುತ್ತಾ ಹರಿದಾಡುತ್ತಿರುತ್ತದೆ. ಒಂದು ಸಲ ಪೂರ್ತಿ ಅದನ್ನೇ ಹಿಂಬಾಲಿಸಿದೆ, ಮಿಕ್ಕವರು ತಾವಾಗಿ ಬಿಡಿಬಿಡಿಯಾಗಿ ಕಾಣಿಸಿದರು. ಫೋನಿನ ಸ್ಪೀಕರಿನಲ್ಲಿ ಇದು ಆಗದ ಮಾತು. ಅಲ್ಲಿ ಇಬ್ಬರು ಬಾಸ್ ನುಡಿಸುತ್ತಾರೆ, ಒಂದು ಸೆಟ್ಟಿಗಿಂತ ಜಾಸ್ತಿ ಡ್ರಮ್ಸ್ ಇವೆ, ಒಂದಕ್ಕಿಂತ ಹೆಚ್ಚು ಎಲೆಕ್ಟ್ರಿಕ್ ಪಿಯಾನೋ. ಎಲ್ಲ ಒಂದು ಚಿಕ್ಕ ತೂತಿನಿಂದ ಬಂದರೆ ಗದ್ದಲ ಅನ್ನಿಸದೆ ಇನ್ನೇನು?

ಫೋನಿನ ಸ್ಪೀಕರ್ ಸಾಲದು ಅಂದಮೇಲೆ ಹೆಡ್‌ಫೋನ್ ವಿಷಯವನ್ನೂ ಹೇಳುತ್ತೇನೆ. ಮನೆಯಲ್ಲಿ ಸುಮ್ಮನೆ ಕೂತು ಕೇಳುವುದಕ್ಕೆ ನನಗೆ ಸೆನ್‌ಹೈಸರ್ ಎಚ್‌ಡಿ 600 ಥರದ ಹಿಂಬದಿ ತೆರೆದ ಹೆಡ್‌ಫೋನ್ ಇಷ್ಟ. ವಾದ್ಯಗಳ ಮಧ್ಯೆ ಗಾಳಿ ಆಡುತ್ತದೆ. ಸದ್ದು ಹೊರಗೂ ಕೇಳುತ್ತದೆ, ಹಾಗಾಗಿ ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ ಬೇಡ. ಪ್ರಯಾಣದಲ್ಲಿ ಸೋನಿಯ ಸದ್ದು ಅಡಗಿಸುವವು ಒಳ್ಳೆಯವು, ಆದರೆ ಹೊಸ ಆಲ್ಬಂನ ಮೊದಲ ಸಲವನ್ನು ಪ್ರಯಾಣದಲ್ಲಿ ಕೇಳಬೇಡಿ ಎಂದೇ ಹೇಳುತ್ತೇನೆ. ಬಾಸ್ ಉಬ್ಬಿಸುವ ಯಾವ ಹೆಡ್‌ಫೋನೂ ಈ ಕೆಲಸಕ್ಕೆ ಬೇಡ. ಇರುವ ಸಾದಾ ಇಯರ್‌ಫೋನೇ ಸಾಕು, ಹೊಸದು ಕೊಂಡರೆ ಆಲ್ಬಂ ಅರ್ಥವಾಗುತ್ತದೆ ಅಂದುಕೊಳ್ಳಬೇಡಿ. ಅದಕ್ಕಿಂತ ದನಿಯ ಮಟ್ಟ ಸರಿ ಮಾಡಿ. ಮೆಲ್ಲಗೆ ಹಾಕಿದರೆ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಹೆಚ್ಚು ಕಳೆದುಹೋಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಕೆಲಸಕ್ಕೆ ಅಡ್ಡಿಯಾಗದಷ್ಟು ಮೆಲ್ಲಗೆ ಹಾಕಿದ್ದೆ ಅಂದಿರಿ. ಅಂದರೆ ಆ ಆಲ್ಬಂನ ಅರ್ಧ ನಿಮ್ಮನ್ನು ಮುಟ್ಟಿಯೇ ಇಲ್ಲ.

ಆ್ಯಪ್ ಸೆಟ್ಟಿಂಗ್ ಒಂದು ಸಲ ನೋಡಿ. ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು) ಆಫ್. ಆಟೋಪ್ಲೇ ಆಫ್, ಇದು ತುಂಬಾ ಮುಖ್ಯ. ಆಲ್ಬಂ ಮುಗಿದ ತಕ್ಷಣ ಬೇರೆ ಯಾರದೋ ಹಾಡು ಶುರುವಾದರೆ ಈಗ ಕೇಳಿದ್ದು ಅಳಿಸಿಹೋಗುತ್ತದೆ. ಮುಗಿದ ಮೇಲೆ ಐದು ನಿಮಿಷ ಸುಮ್ನೆ ಇರಿ. ಹಾಡುಗಳನ್ನು ಕ್ರಮ ತಪ್ಪಿಸಿ ಹಾಕುವ ಶಫಲ್ ಬಗ್ಗೆ ಹೇಳುವುದೇ ಬೇಡ. ಸ್ಪಾಟಿಫೈನಲ್ಲಿ ಆಲ್ಬಂ ಪುಟದ ಪ್ಲೇ ಬಟನ್ ಒತ್ತಿದರೆ ಶಫಲ್ ಆಗುತ್ತಿದ್ದ ಪದ್ಧತಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ 2021ರಲ್ಲಿ ಬದಲಾಯಿತು. ಆದರೂ ಹಿಂದೆ ಯಾವಾಗಲೋ ಒತ್ತಿದ ಶಫಲ್ ಹಾಗೇ ಉಳಿದಿರಬಹುದು, ನೋಡಿಕೊಳ್ಳಿ. ಇನ್ನೊಂದು, ಸದ್ದಿನ ಮಟ್ಟ ಏರಿಸಿ ಸಿದ್ಧಪಡಿಸಿದ ಈಗಿನ ಆಲ್ಬಂ ಕೇಳಿ ನೇರವಾಗಿ ಹಳೆಯ ಮೆಲುದನಿಯ ಆಲ್ಬಂಗೆ ಬರಬೇಡಿ. ಎರಡನೆಯದು ಸಪ್ಪೆ ಅನ್ನಿಸುತ್ತದೆ, ಅದು ದನಿಯ ವ್ಯತ್ಯಾಸ ಅಷ್ಟೇ.

60 ಆಲ್ಬಂ ಪಟ್ಟಿಗೆ ಬರುತ್ತೇನೆ. ಕೋಪ ಮಾಡಿಕೊಳ್ಳಬೇಡಿ, ಆ ಪಟ್ಟಿಯೇ ನಿಮ್ಮ ತೊಂದರೆ. ಬಾಕಿ 60 ಇದೆ ಎಂದು ತಲೆಯಲ್ಲಿ ಇಟ್ಟುಕೊಂಡು ಯಾರಿಗೂ ತಾಳ್ಮೆ ಬರುವುದಿಲ್ಲ. ಒಂದು ಸಲಕ್ಕೆ ಎರಡೇ ಹೊಸ ಆಲ್ಬಂ ಇಟ್ಟುಕೊಳ್ಳಿ, ಒಂದಕ್ಕೊಂದು ಪೂರ್ತಿ ಬೇರೆ ಥರದ್ದು. ಮಿಕ್ಕ ಸಮಯ ಹಳೆಯ, ಇಷ್ಟವಾದ ಸಂಗೀತ ಕೇಳಿ. ಹೊಸದರ ಜಾಗ ಎಲ್ಲಿ ಎಂದು ಗೊತ್ತಾಗುವುದೇ ಹಳೆಯದರ ಪಕ್ಕದಲ್ಲಿ. ವಿಮರ್ಶೆಗಳನ್ನು ಎರಡನೇ ಸಲ ಕೇಳಿದ ಮೇಲೆ ಓದಿ, ಮೊದಲೇ ಬೇಡ. ಮೊದಲೇ ಓದಿದರೆ ಅವರು ಹೇಳಿದ್ದನ್ನೇ ಹುಡುಕುತ್ತಾ ಕೂರುತ್ತೇವೆ.

ಈಗ ನಿಮ್ಮ 'ಸ್ಪಿರಿಟ್ ಆಫ್ ಈಡನ್'. 1988ರ ಆಲ್ಬಂ, ಆರು ಹಾಡು, 41 ನಿಮಿಷ. ಕತ್ತಲೆ ಮಾಡಿದ ಸ್ಟುಡಿಯೋದಲ್ಲಿ ಹಲವಾರು ತಿಂಗಳು ನುಡಿಸಿ, ಅದರಲ್ಲಿ ತುಣುಕು ತುಣುಕು ಆರಿಸಿ ಕಟ್ಟಿದ್ದು. ಶುರು ಎಷ್ಟು ಮೆಲ್ಲಗಿದೆ ಅಂದರೆ ಹಾಡುವ ಧ್ವನಿ ಬರುವುದಕ್ಕೇ ಕಾಯಬೇಕು. ಮೊದಲ ಮೂರು ಹಾಡು ಒಂದಕ್ಕೊಂದು ಅಂಟಿಕೊಂಡಿವೆ, ಒಟ್ಟು 23 ನಿಮಿಷದ ಹತ್ತಿರ, ಮೂರನೆಯದರಲ್ಲಿ ಇದ್ದಕ್ಕಿದ್ದ ಹಾಗೆ ಸಿಡಿಯುತ್ತದೆ. ಮೆಲ್ಲಗೆ ಹಾಕಿ ಕೆಲಸ ಮಾಡುತ್ತಿದ್ದವರಿಗೆ ಮೊದಲ ಭಾಗ ಕೇಳಿಸಿರುವುದಿಲ್ಲ, ಸಿಡಿದದ್ದು ಮಾತ್ರ ತಲೆಗೆ ಹೊಡೆದಿರುತ್ತದೆ. ಹತ್ತು ದಿನ ಆಗಲಿ. ರಾತ್ರಿ, ಕಂಪ್ಯೂಟರ್ ಮುಚ್ಚಿ, ದೀಪ ಆರಿಸಿ, ಎರಡನೇ ಬದಿಯ ಮೂರೇ ಹಾಡು ಕೇಳಿ. 'ಇನ್‌ಹೆರಿಟೆನ್ಸ್', 'ಐ ಬಿಲೀವ್ ಇನ್ ಯೂ', 'ವೆಲ್ತ್'. ಕೊನೆಯಲ್ಲಿ ಆರ್ಗನ್ ಕರಗುವವರೆಗೆ ಏಳಬೇಡಿ. ಮೊದಲ ಬದಿಯನ್ನು ಅವತ್ತು ಹಾಕಲೇಬೇಡಿ, ಎರಡು ದಿನ ಬಿಟ್ಟು ಹಾಕಿ. ನಡುವೆ ಮರುದಿನ ಬೆಳಗ್ಗೆ ಏನಾದರೂ ನೆನಪಿಗೆ ಬಂತಾ ಎಂದು ಇಲ್ಲೇ ಬಂದು ಬರೆಯಿರಿ, ನಾನು ಕಾಯುತ್ತಿರುತ್ತೇನೆ.