ಬೀದಿಯಿಂದ ತಂದ ನಾಯಿಮರಿಯನ್ನು ದತ್ತು ಹೋಗುವ ತನಕ ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟವೇ?
ಮನೆಯಲ್ಲಿ ಬೇರೆ ನಾಯಿ ಇದ್ದರೆ ಮೊದಲು ಪಾರ್ವೊ (ಮರಿಗಳ ಜೀವ ತೆಗೆಯಬಲ್ಲ ವಾಂತಿ-ಭೇದಿಯ ವೈರಸ್ ರೋಗ) ಬಗ್ಗೆ ಯೋಚಿಸಿ. ಸೋಂಕು ತಗಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ 14 ದಿನವೂ ಹಿಡಿಯುತ್ತದೆ. ಹಾಗಾಗಿ ಎರಡು ವಾರ ಬೇರೆ ಕೋಣೆ, ಬೇರೆ ಬಟ್ಟಲು. ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್‌ಗೆ ಬಗ್ಗುವುದಿಲ್ಲ, ನೆಲಕ್ಕೆ ಬ್ಲೀಚೇ ಬೇಕು.

ಉಡುಪಿಯ ಮಳೆಗಾಲದಲ್ಲಿ ಹಾಸಿದ ಗೋಣಿಯೂ ಒಣಗುವುದಿಲ್ಲ. ನಮ್ಮ ಸ್ಟೋರ್ ರೂಮಿನ ವಾಸನೆ ಬಗ್ಗೆ ಅಮ್ಮ ಈಗಲೂ ಗೊಣಗುತ್ತಾರೆ.

ಕಳೆದ ಆಟಿಯಲ್ಲಿ, ಅಂದರೆ ತುಳುನಾಡಿನ ಜಡಿಮಳೆಯ ತಿಂಗಳಲ್ಲಿ, ಬಂದ ಕಂದು ಮರಿ ಮೂರು ದಿನ ಗ್ರೈಂಡರ್ ಹಿಂದೆಯೇ ಮುದುರಿ ಕೂತಿತ್ತು. ನಾಲ್ಕನೇ ದಿನ ಮೊಟ್ಟೆ ಕಿವುಚಿದ ಕುಚ್ಚಲಕ್ಕಿ ಗಂಜಿಗೆ (ಆಟಿಯಲ್ಲಿ ಮೀನೆಲ್ಲಿ?) ಮೊದಲು ಮೂಗು ಹೊರಬಂತು, ಆಮೇಲೆ ಬಾಲ. ಅದನ್ನು ಮಂಗಳೂರಿನ ಮನೆಯೊಂದಕ್ಕೆ ಬಿಟ್ಟುಬಂದ ರಾತ್ರಿ ನನಗೆ ಊಟ ಸೇರಲಿಲ್ಲ. ಹೆಣ್ಣುಮರಿಯಾದರೆ ಕೇಳುವವರು ಕಡಿಮೆ, ತಿಂಗಳುಗಟ್ಟಲೆ ಇಟ್ಟುಕೊಳ್ಳಲು ತಯಾರಿರಿ.