ಬೆರಳಿಟ್ಟು ಮುಚ್ಚಿ ನೋಡಿ

ಪ್ರಶ್ನೆ: ಇಂಗ್ಲಿಷಿನ ‘ಡಿಸಪಾಯಿಂಟ್’ನಲ್ಲಿ ಎಸ್ ಒಂದೇ. ‘ಡಿಸ್‌ಸ್ಯಾಟಿಸ್‌ಫೈ’ನಲ್ಲಿ ಒಟ್ಟೊಟ್ಟಿಗೆ ಎರಡು. ಪ್ರತಿ ಸಲ ಡಿಕ್ಷನರಿ ತೆಗೆಯಬೇಕಾ, ಇದಕ್ಕೇನಾದರೂ ಲೆಕ್ಕ ಇದೆಯಾ?

ಉತ್ತರ: ಇದೆ. ಮೊದಲು ನನ್ನ ಮಾನ ನಾನೇ ಕಳೆದುಕೊಂಡುಬಿಡುತ್ತೇನೆ. ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸ್ಪೆಲಿಂಗ್ ತಪ್ಪಿದಲ್ಲೆಲ್ಲ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಮಿಸ್‌ಸ್ಪೆಲ್ಟ್’ ಎಂದು ಬರೆಯುತ್ತಿದ್ದೆ. ಒಂದೇ ಎಸ್ ಹಾಕಿ! ಒಂದು ದಿನ ಅಕ್ಷರ ಜೋಡಿಸುವ ಹಿರಿಯರೊಬ್ಬರು ಅದಕ್ಕೆ ಇನ್ನೊಂದು ಎಸ್ ಸೇರಿಸಿ ವಾಪಸ್ ಕಳಿಸಿದರು. ಮಾತಿಲ್ಲ, ಕತೆಯಿಲ್ಲ.

ಅವರೇ ಹೇಳಿಕೊಟ್ಟ ಉಪಾಯ ಇದು. ಪ್ರಿಫಿಕ್ಸನ್ನು, ಅಂದರೆ ಪದದ ಮುಂದೆ ಅಂಟಿಸಿದ ತುಣುಕನ್ನು, ಬೆರಳಿಂದ ಮುಚ್ಚಿ. ಉಳಿದದ್ದು ಪೂರ್ತಿ ಪದವಾಗಿರಬೇಕು. ಡಿ, ಐ, ಎಸ್ ಮುಚ್ಚಿದರೆ ‘ಅಪಾಯಿಂಟ್’ ಉಳಿಯುತ್ತದೆ, ಸರಿ. ಎರಡು ಎಸ್ ಹಾಕಿದ್ದರೆ ‘ಸಪಾಯಿಂಟ್’ ಉಳಿಯುತ್ತಿತ್ತು. ಅಂಥ ಪದ ಎಲ್ಲಿದೆ? (ಅಂದಹಾಗೆ, ಡಿಸಪಾಯಿಂಟ್ ಅಂದರೆ ಮೊದಲಿಗೆ ಹುದ್ದೆಯಿಂದ ಕಿತ್ತುಹಾಕುವುದು ಎಂದೇ ಅರ್ಥವಿತ್ತು. ಬೇಸರ ಆಮೇಲೆ ಬಂತು. ಸಹಜ ಅಲ್ವಾ?) ‘ಸ್ಯಾಟಿಸ್‌ಫೈ’ಗೆ ತನ್ನದೇ ಎಸ್ ಇದೆ, ಹಾಗಾಗಿ ಎರಡು. ‘ಅನ್‌ನೆಸೆಸರಿ’ಯ ಎರಡು ಎನ್, ‘ಓವರ್‌ರೂಲ್’ನ ಎರಡು ಆರ್, ಎಲ್ಲ ಇದೇ ಲೆಕ್ಕ.

ತುಂಟತನವೆಲ್ಲ ‘ಅಲ್ಲ’ ಎನ್ನುವ ಪ್ರಿಫಿಕ್ಸ್ ‘ಇನ್’ನದು. ‘ಲೀಗಲ್’ ಹಿಂದೆ ಬಂದರೆ ‘ಇಲ್’ ಆಗಿ ‘ಇಲ್ಲೀಗಲ್’, ‘ರೆಗ್ಯುಲರ್’ ಬಂದರೆ ‘ಇರ್’, ಎಂ, ಪಿ, ಬಿ ಮುಂದೆ ‘ಇಮ್’. ನಮಗಿದು ಹೊಸದೇನಲ್ಲ. ಉತ್ ಮತ್ತು ಲೇಖ ಸೇರಿ ‘ಉಲ್ಲೇಖ’ ಆಗಲಿಲ್ಲವೇ? ನಾಲಿಗೆ ಸುಲಭದ ದಾರಿ ಹುಡುಕಿತು, ಸ್ಪೆಲಿಂಗ್ ಅದರ ಹಿಂದೆ ಹೋಯಿತು. ಇಲ್ಲೂ ಮೊದಲ ಎರಡು ಅಕ್ಷರ ಮುಚ್ಚಿ, ‘ಲೀಗಲ್’ ಹಾಗೇ ಕೂತಿರುತ್ತದೆ. ಆದರೆ ‘ಇನ್’ ಲ್ಯಾಟಿನ್ ಮನೆಯದು, ‘ಅನ್’ ಹಳೆಯ ಇಂಗ್ಲಿಷಿನದು. ಅದು ಯಾರಿಗೂ ಬಗ್ಗುವುದಿಲ್ಲ: ‘ಅನ್‌ಲಕಿ’, ‘ಅನ್‌ರಿಯಲ್’.

‘ಆಲ್‌ರೆಡಿ’, ‘ಆಲ್ವೇಸ್’ನಲ್ಲಿ ಮಾತ್ರ ಬೆರಳು ನೆರವಾಗದು. ಅಲ್ಲಿ ‘ಆಲ್’ ತನ್ನದೇ ಒಂದು ಎಲ್ ಕಳೆದುಕೊಂಡಿದೆ. ಸುಮ್ನೆ ಬಾಯಿಪಾಠ ಮಾಡಿ.

ಕೊನೆಗೆ ಅಡ್ಡಗೆರೆ. ‘ರಿ’ ಆದಮೇಲೆ ಗೆರೆ ಎಳೆದು ‘ಸೈನ್’ ಬರೆದರೆ ಮತ್ತೆ ಸಹಿ ಹಾಕಿ ಎಂದರ್ಥ. ಗೆರೆ ಮರೆತಿರೋ, ಎದುರಿನವರಿಗೆ ರಾಜೀನಾಮೆ ಕೊಡಿ ಎಂದಂತಾಯಿತು.