ಓದುಗರ ಪ್ರಶ್ನೆ: ತಾರ ಸ್ಥಾಯಿಗೆ ಹೋದಾಗ ದನಿ ಒಡೆಯುವುದೇಕೆ?

ಪ್ರಶ್ನೆ: ಸುಗಮ ಸಂಗೀತ ಕಲಿತಿರುವ ನಾನು ಕಂಡೆನ್ಸರ್ ಮೈಕ್, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪ್ ಬಳಸಿ ಮನೆಯಲ್ಲೇ ಭಾವಗೀತೆಗಳನ್ನು ಧ್ವನಿಮುದ್ರಿಸುತ್ತೇನೆ. ಪಲ್ಲವಿ ಸ್ವಚ್ಛವಾಗಿ ಬರುತ್ತದೆ. ಚರಣದಲ್ಲಿ ತಾರ ಷಡ್ಜ ಮುಟ್ಟಿದಾಗ ದನಿ ಹರಿದಂತೆ ಕೇಳುತ್ತದೆ. ಸಾಫ್ಟ್‌ವೇರ್‌ನಲ್ಲಿ ಫೇಡರ್ (ದನಿಯ ಮಟ್ಟವನ್ನು ಏರಿಸಿ ಇಳಿಸುವ ಪಟ್ಟಿ) ಇಳಿಸಿ ನೋಡಿದರೂ ಸರಿಹೋಗಲಿಲ್ಲ. ಬೇರೆ ಮೈಕ್ ಕೊಳ್ಳಬೇಕೆ?
— ಓದುಗರು, ತ್ಯಾಗರಾಜನಗರ, ಬೆಂಗಳೂರು

ಉತ್ತರ: ಸದ್ಯಕ್ಕೆ ನೀವು ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳತ್ತ ಹೋಗುವ ಅಗತ್ಯವಿಲ್ಲ. ದನಿಯು ಮೈಕಿನಿಂದ, ಇಂಟರ್‌ಫೇಸಿನೊಳಗೆ ಸಂಕೇತವನ್ನು ಬಲಗೊಳಿಸುವ ಪ್ರೀ-ಆಂಪ್‌ಗೆ, ಅಲ್ಲಿಂದ ಅದನ್ನು ಅಂಕಿಗಳಾಗಿ ಬದಲಿಸುವ ಕನ್ವರ್ಟರ್‌ಗೆ, ಆಮೇಲೆ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಒಡೆದಿದೆ ಎಂಬುದು ಮೊದಲು ಗೊತ್ತಾಗಬೇಕು. ಫೇಡರ್ ಇರುವುದು ದಾರಿಯ ಕೊನೆಯಲ್ಲಾದ್ದರಿಂದ, ಅದನ್ನು ಇಳಿಸಿದರೆ ಆಗಲೇ ಒಡೆದಿರುವ ದನಿ ಒಡೆದ ಸ್ಥಿತಿಯಲ್ಲೇ ಮೆಲ್ಲಗೆ ಕೇಳುತ್ತದೆ, ಅಷ್ಟೆ.

ಮುದ್ರಿಸಿದ ಮೂಲ ಫೈಲಿನಲ್ಲಿ ತಾರ ಷಡ್ಜ ಬರುವ ಜಾಗವನ್ನು ಚೆನ್ನಾಗಿ ಹಿಗ್ಗಿಸಿ ಅಲೆಯ ಆಕಾರವನ್ನು ನೋಡಿರಿ. ಅಲೆಯ ನೆತ್ತಿಗಳು ಸೊನ್ನೆ ಡೆಸಿಬೆಲ್ ಗೆರೆಗೆ ತಾಗಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಕನ್ವರ್ಟರ್‌ಗೆ ಹೆಚ್ಚು ಮಟ್ಟದ ಸಂಕೇತ ಹೋಗಿದೆ ಎಂದರ್ಥ. ಇದನ್ನೇ ಕ್ಲಿಪಿಂಗ್ ಎನ್ನುತ್ತಾರೆ. ಆ ಗೆರೆಗಿಂತ ಎಷ್ಟೋ ಕೆಳಗೇ ಚಪ್ಪಟೆಯಾಗಿದ್ದರೆ ತೊಂದರೆ ಅದಕ್ಕೂ ಮುಂಚೆ, ಮೈಕಿನಲ್ಲಿಯೋ ಅದಕ್ಕೆ ಸಿಗುವ ವಿದ್ಯುತ್ತಿನಲ್ಲಿಯೋ ಇರುವ ಸಾಧ್ಯತೆ ಹೆಚ್ಚು. ನೆತ್ತಿಗಳು ದುಂಡಗಿದ್ದೂ ಕಿವಿಗೆ ಒಡಕು ಕೇಳಿಸಿದರೆ ಹೆಡ್‌ಫೋನನ್ನು ಅನುಮಾನಿಸಬೇಕು. ಅದರಲ್ಲೇ ಬೇರೆ ಒಳ್ಳೆಯ ಧ್ವನಿಮುದ್ರಿಕೆಯೊಂದನ್ನು ಅಷ್ಟೇ ಜೋರಾಗಿ ಕೇಳಿದರೆ ವಿಷಯ ಸ್ಪಷ್ಟವಾಗುತ್ತದೆ.

ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ಮೊದಲನೆಯ ಕಾರಣವೇ ಇರಬೇಕೆಂದು ತೋರುತ್ತದೆ. ಮಟ್ಟವನ್ನು ಪರೀಕ್ಷಿಸುವಾಗ ಬಹುತೇಕ ಗಾಯಕರು ಪಲ್ಲವಿಯನ್ನು ಅರ್ಧ ದನಿಯಲ್ಲಿ ಗುನುಗಿ ಇಂಟರ್‌ಫೇಸಿನ ಗೇನ್ ಗುಂಡಿಯನ್ನು (ಪ್ರೀ-ಆಂಪ್ ಸಂಕೇತವನ್ನು ಎಷ್ಟು ಬಲಗೊಳಿಸಬೇಕೆಂದು ನಿರ್ಧರಿಸುವುದು) ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಹಾಡಿನಲ್ಲಿ ಮುಳುಗಿ ಚರಣಕ್ಕೆ ಬರುವಷ್ಟರಲ್ಲಿ ದನಿ ಅದರ ಎರಡು ಮೂರು ಪಟ್ಟು ಬಲಗೊಂಡಿರುತ್ತದೆ. ಆದ್ದರಿಂದ ಚರಣದ ಅತ್ಯಂತ ಎತ್ತರದ ಸಾಲನ್ನು, ಹಾಡುವಾಗಿನ ಪೂರ್ಣ ಭಾವದಲ್ಲೇ ಹಾಡಿ, ಅಲ್ಲಿ ಪೀಕ್ (ಅಲೆಯ ನೆತ್ತಿ) ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವಂತೆ ಗೇನ್ ಇಳಿಸಿಕೊಳ್ಳಿರಿ. ಪಲ್ಲವಿ ಪರದೆಯ ಮೇಲೆ ತೀರಾ ಸಣ್ಣದಾಗಿ ಕಂಡರೆ ಗಾಬರಿ ಬೇಡ. ಮೀಟರ್ ಕೆಂಪು ಬಣ್ಣದ ಅಂಚಿಗೆ ಹೋಗುವಷ್ಟು ಜೋರಾಗಿ ಮುದ್ರಿಸಬೇಕೆಂಬ ಸಲಹೆ ಟೇಪಿನ ಕಾಲದ್ದು; ಟೇಪಿನ ಸುಯ್ಯೆನ್ನುವ ಸದ್ದನ್ನು ಮುಚ್ಚಲು ಆಗ ಅದು ಬೇಕಾಗಿತ್ತು. 24 ಬಿಟ್ ಮುದ್ರಣದಲ್ಲಿ ಪ್ರತಿ ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ನಂತೆ ಸಿದ್ಧಾಂತದಲ್ಲಿ 144 ಡೆಸಿಬೆಲ್ ವ್ಯಾಪ್ತಿ ಸಿಗುವುದರಿಂದ ಮಟ್ಟವನ್ನು ಆಮೇಲೆ ಏರಿಸಿಕೊಂಡರೆ ನಷ್ಟವೇನಿಲ್ಲ.

ಮೈಕಿನಿಂದ ದೂರವನ್ನೂ ಗಮನಿಸಿರಿ. ಒಂದು ಗೇಣಿನಷ್ಟು ಅಂತರ ಒಳ್ಳೆಯದು. ಅಂತರ ಇಮ್ಮಡಿಯಾದಾಗ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುವುದರಿಂದ, ಕಛೇರಿ ಮಾಡುವವರು ಮೇಲಿನ ಸ್ವರಕ್ಕೆ ಮುಖವನ್ನು ತುಸು ಹಿಂದೆ ಸರಿಸುವ ರೂಢಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಬಹಳ ಹಿಂದೆ ಸರಿದರೆ ಕೋಣೆಯ ಮಾರ್ದನಿ, ಬೀದಿಯ ಆಟೋಗಳ ಸದ್ದು ಎಲ್ಲವೂ ಹಾಡಿನೊಳಗೆ ಸೇರುತ್ತವೆ. ಒಡಕು ಪ, ಬ, ಭ ಅಕ್ಷರಗಳಲ್ಲಿ ಮಾತ್ರ ಬರುತ್ತಿದ್ದರೆ ಅದು ಉಸಿರಿನ ಹೊಡೆತ. ಪಾಪ್ ಫಿಲ್ಟರ್ (ಉಸಿರಿನ ಹೊಡೆತವನ್ನು ತಡೆಯುವ ಜಾಲರಿ) ಇಟ್ಟು, ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಗೆ ನಿಲ್ಲಿಸಿರಿ.

ಗೇನ್ ಇಳಿಸಿದ ಮೇಲೂ ಒಡಕು ಉಳಿದರೆ ಮೈಕಿನಲ್ಲಿ ಪ್ಯಾಡ್ ಎಂಬ ಸ್ವಿಚ್ ಇದೆಯೇ ನೋಡಿರಿ. ಅದು ಮೈಕಿನ ಸಂಕೇತವನ್ನು ಸಾಮಾನ್ಯವಾಗಿ 10 ಅಥವಾ 20 ಡೆಸಿಬೆಲ್ ತಗ್ಗಿಸುತ್ತದೆ. ಇಂಟರ್‌ಫೇಸನ್ನು ಯುಎಸ್‌ಬಿ ಹಬ್ ಮೂಲಕ ಜೋಡಿಸಿದ್ದರೆ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿರಿ, ಏಕೆಂದರೆ ಇಂಟರ್‌ಫೇಸಿನಿಂದ ಮೈಕಿಗೆ ಬೇಕಾದ 48 ವೋಲ್ಟ್ ಸರಿಯಾಗಿ ದೊರೆಯದಿದ್ದರೆ ಜೋರು ದನಿಯಲ್ಲಿ ಅದು ಬೇಗ ಸೋಲುತ್ತದೆ. ಇವೆಲ್ಲ ಮುಗಿದ ಮೇಲೆ ಕೇಬಲ್ ಬದಲಿಸಿ ನೋಡಬಹುದು. ಹೊಸ ಮೈಕಿನ ಮಾತು ಅದರ ನಂತರದ್ದು. ಒಡೆದಿರುವ ಹಾಡನ್ನು ರಿಪೇರಿ ಮಾಡುವ ಸಾಫ್ಟ್‌ವೇರ್‌ಗಳಿವೆ, ಆದರೆ ಕಳೆದುಹೋದ ಅಲೆಯನ್ನು ಅವು ಊಹಿಸಿ ತುಂಬುತ್ತವೆ. ಚರಣವನ್ನು ಮತ್ತೊಮ್ಮೆ ಹಾಡಿಬಿಡುವುದೇ ಮೇಲು.

ಪ್ರಶ್ನೆ: ಮೆಲ್ಲಗೆ ಹಾಡಿದರೂ ನಡುನಡುವೆ ಚಟ್ ಚಟ್ ಎಂಬ ಸದ್ದು ಸೇರುತ್ತದೆ. ಇದೂ ಕ್ಲಿಪಿಂಗ್ ಆಗಿರಬಹುದೇ?
— ಓದುಗರು, ಯಲಹಂಕ

ಉತ್ತರ: ದನಿಯ ಏರಿಳಿತಕ್ಕೆ ಸಂಬಂಧವಿಲ್ಲದೆ ಸದ್ದು ಬರುತ್ತಿರುವುದರಿಂದ ಇದು ಕಂಪ್ಯೂಟರ್ ದನಿಯ ಅಂಕಿಗಳನ್ನು ಸಮಯಕ್ಕೆ ಸರಿಯಾಗಿ ನಿಭಾಯಿಸಲಾಗದೆ ಹಿಂದೆ ಬೀಳುವ ಲಕ್ಷಣ. ಸಾಫ್ಟ್‌ವೇರ್‌ನಲ್ಲಿ ಬಫರನ್ನು (ಒಂದು ಸಲಕ್ಕೆ ಸಂಸ್ಕರಿಸಲು ಕೂಡಿಟ್ಟುಕೊಳ್ಳುವ ದನಿಯ ತುಣುಕು) 128ರಿಂದ 512 ಸ್ಯಾಂಪಲ್‌ಗೆ ಏರಿಸಿರಿ. 44.1 ಕಿಲೋಹರ್ಟ್ಸ್‌ನಲ್ಲಿ ಬಫರಿನ ವಿಳಂಬ ಸುಮಾರು 3 ಮಿಲಿಸೆಕೆಂಡಿನಿಂದ 12ಕ್ಕೆ ಏರುತ್ತದೆ. ಅದು ಹಾಡುವಾಗ ತೊಡಕೆನಿಸಿದರೆ ನಿಮ್ಮ ದನಿಯನ್ನು ಸಾಫ್ಟ್‌ವೇರ್ ಮೂಲಕ ಕೇಳದೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿಯಿಂದ ಕೇಳಿಸಿಕೊಳ್ಳಿರಿ.